ಖಾಲಿ ಬಲೆಯ ಸೀನು

ಮೂರು ತಿಂಗಳಿಂದ ನಾವುಂದದ ಕಡಲು ನಮಗೆ ಏನೂ ಕೊಟ್ಟಿರಲಿಲ್ಲ. ದೊಡ್ಡ ಬೋಟಿನವರು ಆಳದಲ್ಲಿ ಲೈಟು ಬಿಟ್ಟು ಮರಿಮೀನನ್ನೂ ಬಾಚಿಕೊಂಡು ಹೋದ ಮೇಲೆ, ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವವರಿಗೆ ಉಳಿಯುವುದು ಪ್ಲಾಸ್ಟಿಕ್ ಬಾಟಲಿ. ಮೀನು ಮಾರುವ ಬೆಳ್ಳಿಯೇ ಅಂಗಡಿಯಿಂದ ಒಣಮೀನು ತಂದಳು. ಕೇರಿಯವರು ಸುಮ್ಮನಿರುತ್ತಾರೆಯೇ?

"ಎಂತ ಬೆಳ್ಳಕ್ಕ, ಕಡ್ಲ್ ಬತ್ತಿ ಹೋಯ್ತಾ?"

"ಕಡ್ಲ್ ಅಲ್ಲೇ ಇತ್ತ್ ಮರಾಯ. ಅದ್ರೊಳ್ಗೆ ಇಪ್ದೆಲ್ಲ ಬೇರೆಯವ್ರದ್ದ್ ಅಂಬ್ರ್."

ಇಂಥ ಹೊತ್ತಿನಲ್ಲಿ ನಮ್ಮ ಕಷ್ಟವನ್ನು ಸಿನಿಮಾ ಮಾಡಲು ಬಾಲಚಂದ್ರರು ಬಂದರು.

ಬಾಲಚಂದ್ರರು ನಮ್ಮ ಕಡೆಯವರೇ. ಸಾಲಿಗ್ರಾಮದವರು, ಪೂಜೆ-ಅಡುಗೆಯ ಮನೆತನ. ಬೆಂಗಳೂರಿಗೆ ಹೋಗಿ ಮೊದಲು ಒಬ್ಬ ದೊಡ್ಡ ನಿರ್ದೇಶಕರಿಗೆ ಕೊಡೆ ಹಿಡಿದರು. ಆಮೇಲೆ ತಾವೇ ಧಾರಾವಾಹಿ ಮಾಡಿದರು. ಅದರಲ್ಲಿ ಸೊಸೆ ನಾಲ್ಕು ವರ್ಷ ಅತ್ತಳು. ಎರಡನೆಯದರಲ್ಲಿ ಅತ್ತೆ ಅತ್ತಳು. ಹೊಸ ಪ್ರಯೋಗ ಎಂದು ಪತ್ರಿಕೆಗಳು ಬರೆದವು. ಮೂರನೆಯದು ಹಾಡಿನ ಸ್ಪರ್ಧೆ. ಅಲ್ಲಿ ಹಾಡಿದವರೂ ಅತ್ತರು, ಕೇಳಿದವರೂ ಅತ್ತರು. ನಾಡಿನ ಕಣ್ಣೀರೆಲ್ಲ ಹೀಗೆ ಒಬ್ಬರ ಕೈಯಿಂದಲೇ ಹರಿದು ಮುಗಿದಾಗ, ಕರಾವಳಿಯ ಕಥೆಗೆ ಈಗ ಬೆಲೆ ಇದೆ ಎಂದು ಯಾರೋ ಅವರ ಕಿವಿಯಲ್ಲಿ ಹೇಳಿದರು.

ಕಥೆಯ ತಿರುಳು ಒಂದು ದೃಶ್ಯದಲ್ಲಿತ್ತು. ಊರೆಲ್ಲ ಸೇರಿ ಬಲೆ ಎಳೆಯುತ್ತದೆ. ಬಲೆ ಖಾಲಿ ಬರುತ್ತದೆ. ನಾಯಕ ಮರಳಿನ ಮೇಲೆ ಬಿದ್ದು ಹೊರಳುತ್ತಾನೆ. ಊರೆಲ್ಲ ಅಳುತ್ತದೆ.

ಕೈರಂಪಣಿ ಎಂದರೆ ಒಬ್ಬಿಬ್ಬರ ಕೆಲಸವಲ್ಲ. ದೋಣಿಯಲ್ಲಿ ಹೋಗಿ ಉದ್ದನೆಯ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರಬೇಕು. ಆಮೇಲೆ ಎರಡೂ ತುದಿಯ ಹಗ್ಗವನ್ನು ದಡದಲ್ಲಿ ಎರಡು ಸಾಲು ಜನ ನಿಂತು ಎಳೆಯಬೇಕು. ಅದಕ್ಕೊಂದೇ ಕಾನೂನು. ಹಗ್ಗ ಮುಟ್ಟಿದವರಿಗೆಲ್ಲ ಮೀನಿನಲ್ಲಿ ಪಾಲು. ದಾರಿಯಲ್ಲಿ ಹೋಗುವ ಪೋಸ್ಟ್‌ಮ್ಯಾನ್ ಬಂದು ಕೈಹಾಕಿದರೂ ಅವನಿಗೊಂದು ಪಾಲು. ಮುಟ್ಟದವನು ದೇಶಕ್ಕೆ ದೊರೆಯಾದರೂ ಅವನಿಗಿಲ್ಲ.

ಹಿಂದಿನ ದಿನವೇ ಪ್ರೊಡಕ್ಷನ್ ಮ್ಯಾನೇಜರ್ ಉಲ್ಲಾಸ್ ಬಂದು ಮಾತಾಡಿದ್ದ. ದಿನಕೂಲಿ, ತಿಂಡಿ, ಊಟ. ಬಲೆಗೂ ದೋಣಿಗೂ ಬೇರೆ ಬಾಡಿಗೆ.

"ಬಲೆ ಖಾಲಿ ಬರಬೇಕು. ಗ್ಯಾರಂಟಿ ಕೊಡ್ತೀರಾ?" ಎಂದು ಕೇಳಿದ.

ಬಲೆಯ ಯಜಮಾನಿಕೆ ಬಚ್ಚನದು. "ಅದೊಂದಕ್ಕೆ ಹೆದ್ರ್ಬೇಡಿ. ಮೂರ್ ತಿಂಗ್ಳಿಂದ ಅದೇ ಅಭ್ಯಾಸ ಮಾಡ್ತಾ ಇತ್ತ್ ನಾವ್" ಎಂದ.

ಬೆಳಿಗ್ಗೆ ಹೆಂಗಸರೆಲ್ಲ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಬಂದರು. ನಟರ ಉಡುಪು ನೋಡಿಕೊಳ್ಳುವ ಹುಡುಗಿ ಚೇತನಾ ತಲೆಯ ಮೇಲೆ ಕೈ ಹೊತ್ತಳು. ವ್ಯಾನಿನಿಂದ ಹರಿದ ಸೀರೆಗಳ ಗಂಟು ಇಳಿಯಿತು.

"ಹರ್ಕ್ ಸೀರಿ ನಮ್ಮನಿಯಗೇ ಇತ್ತಲೆ, ನೆಲ ಒರ್ಸುಕೆ" ಎಂದಳು ಬೆಳ್ಳಿ. "ಬೆಂಗ್ಳೂರಿಂದ ಹೊತ್ಕಂಡ್ ಬಪ್ದ್ ಎಂತಕ್ಕೆ?"

ಆ ಕಡೆ ನಾಯಕ ರತನ್‌ಗೆ ನಮ್ಮ ಮೈಬಣ್ಣ ಹಚ್ಚುತ್ತಿದ್ದರು. ಬಿಸಿಲು ಏರಿದಂತೆ ಅದು ಇಳಿದು ಕುತ್ತಿಗೆಯಲ್ಲಿ ನಿಂತಿತು.

ಬಾಲಚಂದ್ರರು ಮೈಕು ಹಿಡಿದು, "ನಿಮ್ಮ ಮುಖದಲ್ಲಿ ಹಸಿವು ಕಾಣಬೇಕು" ಎಂದರು.

"ಈಗಷ್ಟೆ ನಾಲ್ಕ್ ಇಡ್ಲಿ ಕೊಟ್ರಲೆ ಒಡೆಯ. ಹಶು ಎಲ್ಲಿಂದ ತಪ್ದ್?" ಎಂದಳು ಬೆಳ್ಳಿ.

"ಬಲೆ ಖಾಲಿ ಬಂದ ತಕ್ಷಣ ಎಲ್ಲರೂ ಎದೆ ಬಡಿದುಕೊಂಡು ಅಳಬೇಕು."

ಬಚ್ಚನಿಗೆ ಈ ಅಳು ಅರ್ಥವಾಗಲಿಲ್ಲ. "ಬರಿ ಬಲಿ ಬಂದ್ರೆ ನಾವ್ ಮರ್ಕುದಿಲ್ಲೆ. ಬೀಡಿ ಕಚ್ಕಂತ್. ಬಲಿ ಜಾಡ್ಸಿ ಒಣ್ಗ್ಸಿ ಮನಿಗ್ ಹೋತ್."

"ಅದು ಪ್ರೇಕ್ಷಕರಿಗೆ ತಲುಪೋದಿಲ್ಲ ಬಚ್ಚಣ್ಣ."

"ನಮ್ಗೂ ತಲ್ಪುದಿಲ್ಲೆ. ಎಂತ ಮಾಡುದ್?"

ದೋಣಿ ಹೊರಡುವ ಮೊದಲು ಬಾಲಚಂದ್ರರು ಹಗ್ಗದ ತುದಿ ಹಿಡಿದು ನಿಂತರು. ಪ್ರಚಾರಕ್ಕೆ ಒಂದು ಫೋಟೊ. ಒಳ್ಳೆಯ ಫೋಟೊ ಬರಲೆಂದು ನಾಲ್ಕು ಮಾರು ಎಳೆದೂ ಎಳೆದರು. ಆಮೇಲೆ ಸ್ಯಾನಿಟೈಸರ್ ಹಚ್ಚಿಕೊಂಡರು.

ಬಚ್ಚ ದೋಣಿಯಲ್ಲಿ ಹೋದ. ಅಲ್ಲಿ ಏನಾಯಿತು ಎಂದು ಆಮೇಲೆ ಅವನೇ ಹೇಳಿದ್ದು. ಸುಮ್ಮನೆ ಎಲ್ಲೋ ಒಂದು ಕಡೆ ಬಲೆ ಬಿಟ್ಟು ಬರುವ ಅಂತಲೇ ಹೋಗಿದ್ದ. ಆದರೆ ತೆಂಕು ಬದಿಯಲ್ಲಿ ನೀರಿನ ಬಣ್ಣ ಕಪ್ಪಾಗಿ ಬದಲಾದದ್ದು ಕಣ್ಣಿಗೆ ಬಿತ್ತು. ಮೀನಿನ ಹಿಂಡು. ಸಿನಿಮಾ ಇರುವುದು ಅವನ ನೆನಪಿನಿಂದ ಹೋಯಿತು. ಹುಟ್ಟು ತಾನಾಗಿ ಆ ಕಡೆ ತಿರುಗಿತು. ಖಾಲಿ ಬರಲಿ ಎಂದು ಬಲೆ ಬಿಡುವುದು ಹೇಗೆ ಎಂದು ಅವನ ಅಪ್ಪ ಕಲಿಸಿರಲಿಲ್ಲ.

ಕ್ಯಾಮೆರಾ ತಿರುಗಿತು. ನಾವು ಎಳೆದೆವು. ಅರ್ಧ ಬರುವಷ್ಟರಲ್ಲಿ ಹಗ್ಗ ಭಾರವಾಯಿತು. ಜನ ಸಾಲದು.

"ಭಾರ ನ್ಯಾಚುರಲ್ ಆಗಿದೆ. ವೆರಿ ಗುಡ್" ಎಂದು ಬಾಲಚಂದ್ರರು ಮೈಕಿನಲ್ಲಿ ಹೇಳಿದರು. "ಲೈಟಿನವರೇ, ನೀವೂ ಲುಂಗಿ ಉಟ್ಟು ಸೇರಿಕೊಳ್ಳಿ."

ಲೈಟಿನ ಚಂದ್ರ ಮತ್ತು ಅವನ ಜೊತೆಯವರು ಬಂದು ಕೈಹಾಕಿದರು. ಉಲ್ಲಾಸ್ ಮಾತ್ರ ಕೊಡೆಯ ಕೆಳಗೆ ಎಳನೀರು ಕುಡಿಯುತ್ತಿದ್ದ.

ಬಲೆಯ ಹೊಟ್ಟೆ ದಡಕ್ಕೆ ತಾಗಿತು. ರತನ್ ಮರಳಿನಲ್ಲಿ ಬಿದ್ದು ಹೊರಳಿ, ಆಕಾಶ ನೋಡಿ, "ಕಡಲಮ್ಮಾ, ಬರಿಗೈಲಿ ಕಳಿಸಿದೆಯಾ" ಎಂದು ಕೂಗಿದ. ಅವನ ಬೆನ್ನ ಹಿಂದೆ ಬಲೆಯ ತುಂಬ ಬೈಗೆ ಮೀನು, ಬೂತಾಯಿ ಎನ್ನುತ್ತಾರಲ್ಲ ಅದು, ಬೆಳ್ಳಿ ಕರಗಿಸಿ ಹೊಯ್ದ ಹಾಗೆ ಕುಣಿಯುತ್ತಿತ್ತು.

ಆಮೇಲೆ ಯಾರು ಯಾರ ಮಾತು ಕೇಳುತ್ತಾರೆ? ಬೆಳ್ಳಿ ಹರಕು ಸೀರೆ ಎತ್ತಿ ಕಟ್ಟಿ ನಗುತ್ತ ಬುಟ್ಟಿಗೆ ಓಡಿದಳು. ಬಚ್ಚ ಉಡುಪಿನ ಚೇತನಾಳ ಎದುರು ನಿಂತು ಕುಣಿದ. ಅವಳೂ ಎರಡು ಹೆಜ್ಜೆ ಹಾಕಿದಳು.

ಬಾಲಚಂದ್ರರು ಗಾಬರಿಯಾದರು. ಗಾಬರಿಯಲ್ಲಿ ಬೆಂಗಳೂರು ಕಳಚಿ ಸಾಲಿಗ್ರಾಮ ಹೊರಬಂತು.

"ಹ್ವಾಯ್, ಎಂತ ಮಾಡುದ್ ನೀವ್? ಬಿಡಿ, ಬಿಡಿ. ಮೀನ್ ವಾಪಸ್ ಕಡ್ಲಿಗ್ ಬಿಡಿ. ಸೀನ್ ಹಾಳಾಯ್ತ್."

ಮೂರು ತಿಂಗಳ ಮೇಲೆ ಬಂದ ಮೀನನ್ನು ಕಡಲಿಗೆ ಬಿಡಿ ಎನ್ನುವ ಬಾಯಿಯನ್ನು ನಾವು ಮೊದಲ ಬಾರಿ ನೋಡಿದ್ದು.

ಉಲ್ಲಾಸ್ ಬುದ್ಧಿವಂತ. ಕೊಡೆ ಬಿಟ್ಟು ಓಡಿ ಬಂದ. "ಬಿಡೋದು ಯಾಕೆ ಸರ್? ಬಲೆಗೆ ಬಾಡಿಗೆ ಕೊಟ್ಟಿದ್ದೀವಿ. ಇವರಿಗೆ ಕೂಲಿ ಕೊಡ್ತಿದ್ದೀವಿ. ಹಾಗಾದ್ರೆ ಮೀನು ಕಂಪನಿದು. ಗಂಗೊಳ್ಳಿಗೆ ಫೋನ್ ಮಾಡಿದ್ರೆ ಐಸ್ ಗಾಡಿ ಬರುತ್ತೆ."

ಬೆಳ್ಳಿ ಬುಟ್ಟಿ ಕೆಳಗಿಟ್ಟಳು. "ನೀವ್ ಕೂಲಿ ಕೊಟ್ಟದ್ ಎಂತಕ್ಕೆ?"

"ನಟನೆಗೆ."

"ಎಂತ ನಟನೆ?"

"ಮೀನು ಸಿಗಲಿಲ್ಲ ಅಂತ ಅಳೋದು."

"ಅದನ್ನ್ ನಾವ್ ಮಾಡ್ಲಿಲ್ಲೆ. ಆ ಕೂಲಿ, ಬಾಡ್ಗಿ ಎಲ್ಲ ನಿಮ್ಗೇ ಇರ್ಲಿ. ಈಗ ಹೇಳಿ, ನೀವ್ ಹಗ್ಗ ಮುಟ್ಟಿರ್ಯಾ?"

"ನಾನ್ಯಾಕೆ ಮುಟ್ಟಲಿ? ನಾನು ಮ್ಯಾನೇಜರ್."

"ಹಾಂಗಾರೆ ನಿಮ್ಗಿಲ್ಲೆ."

ಉಲ್ಲಾಸ್ ಪೊಲೀಸರ ಹೆಸರು ಹೇಳಿದ. ಆಗ ಒಂದು ಸಂಗತಿ ನಡೆಯಿತು. ಯಾರೂ ಹೇಳದೆ ಎರಡೂ ಸಾಲಿನವರು ಬಂದು ಬಲೆಯ ಸುತ್ತ ನಿಂತರು, ಹಗ್ಗ ಎಳೆಯುವಾಗ ನಿಲ್ಲುವ ಹಾಗೆ, ಭುಜಕ್ಕೆ ಭುಜ ತಾಗಿಸಿ. ಮೂರು ತಿಂಗಳ ಹಸಿವು ಅವರ ಮುಖದಲ್ಲಿ ಆಗ ಕಂಡಿತು. ಬಾಲಚಂದ್ರರು ಬೆಳಿಗ್ಗೆಯಿಂದ ಕೇಳುತ್ತಿದ್ದದ್ದು ಅದನ್ನೇ. ಆದರೆ ಈಗ ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಪೊಲೀಸ್ ಬರ್ಲಿ" ಎಂದ ಬಚ್ಚ. "ಅವ್ರೂ ಹಗ್ಗ ಮುಟ್ಟಿರೆ ಒಂದ್ ಪಾಲ್ ಕೊಡುವ. ಈಗ ಎಲ್ಲ ಕೂತ್ಕಣಿ, ಪಾಲ್ ಮಾಡ್ಕ್."

ಪಾಲು ನಡೆಯಿತು. ಎಳೆದವರಿಗೆಲ್ಲ ಒಂದೊಂದು ಗುಪ್ಪೆ. ಲೈಟಿನ ಚಂದ್ರನನ್ನು ಕರೆದು ಅವನ ಮುಂದೆಯೂ ಒಂದು ಗುಪ್ಪೆ ಹಾಕಿದರು.

"ನನಗ್ಯಾಕಮ್ಮ? ನಾನು ಲೈಟ್ ಹೊರೋನು."

"ಹಗ್ಗ ಎಳ್ದಿಯಲೆ. ಮತ್ತೆಂತ?"

ಬೆಳ್ಳಿ ಕೊನೆಯ ಗುಪ್ಪೆಯನ್ನು ಚೀಲಕ್ಕೆ ತುಂಬಿ ಬಾಲಚಂದ್ರರ ಕುರ್ಚಿಯ ಹತ್ತಿರ ಹೋದಳು. "ಒಡೆಯ, ಇದ್ ನಿಮ್ದ್. ಫೋಟೊಕ್ಕೆ ಎಳ್ದದ್ದೂ ಎಳ್ದದ್ದೇ."

"ನಾನು ತಿಂಬುದಿಲ್ಲ ಬೆಳ್ಳಿ. ಮುಟ್ಟುದೂ ಇಲ್ಲ."

"ತಿನ್ಕ್ ಅಂದ್ ಯಾರ್ ಹೇಳಿರ್? ಪಾಲ್ ಬ್ಯಾಡ ಅಂಬುಕೆ ಕಾನೂನಿಲ್ಲೆ." ಚೀಲವನ್ನು ಅವರ ತೊಡೆಯ ಮೇಲೆ ಇಟ್ಟಳು. ಒಳಗೆ ಮೀನು ಇನ್ನೂ ಹೊರಳುತ್ತಿತ್ತು.

"ನಾಳೆ ಇನ್ನೊಮ್ಮೆ ತೆಗೆಯುವ" ಎಂದರು ಬಾಲಚಂದ್ರರು, ಚೀಲದ ಬಾಯನ್ನು ಎರಡೇ ಬೆರಳಲ್ಲಿ ಹಿಡಿದು. "ಖಾಲಿ ಬಲೆ. ಮರ್ಕುಕೆ ನೀವೆಲ್ಲ ಬರ್ಕ್."

"ಬಲಿ ನಾಳೆಯೂ ಬಿಡ್ತ್" ಎಂದಳು ಬೆಳ್ಳಿ. "ಮರ್ಕುಕೆ ಮಾತ್ರ ನಿಮ್ಮ ಸೊಸಿನ್ನೇ ಕರ್ಕಂಡ್ ಬನ್ನಿ. ನಾಲ್ಕ್ ವರ್ಷ ಅಭ್ಯಾಸ ಇತ್ತಲೆ ಅದಕ್ಕೆ."

ಬುಟ್ಟಿಗಳು ಒಂದರ ಹಿಂದೆ ಒಂದು ದಡ ಹತ್ತಿದವು. ಲೈಟಿನ ಚಂದ್ರ ಮಾತ್ರ ತನ್ನ ಮೀನಿನ ಗುಪ್ಪೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತೇ ಇದ್ದ. ಸೊಸೆ ಅಳುತ್ತಿದ್ದ ಕಾಲದಿಂದ ಅವನು ಬಾಲಚಂದ್ರರ ಜೊತೆಗಿದ್ದವನು. ಅವರು ಸ್ಕೂಟರಿನಿಂದ ಕಾರಿಗೆ ಬಂದದ್ದನ್ನು ಕಂಡವನು. ಈಗ ತಲೆಯೆತ್ತಿ ಅವರನ್ನೇ ಕೇಳಿದ:

"ಸಾ, ಇಷ್ಟು ವರ್ಷದಿಂದ ನಿಮ್ಮ ಹಗ್ಗನೂ ನಾವೇ ಅಲ್ವಾ ಎಳೀತಿರೋದು?"

ಅವನ ಹಿಂದೆ ಲೈಟಿನವರು, ಟ್ರಾಲಿ ತಳ್ಳುವವರು, ಚೇತನಾ, ಡ್ರೈವರುಗಳು, ಒಬ್ಬೊಬ್ಬರಾಗಿ ಬಂದು ನಿಂತರು. ಭುಜಕ್ಕೆ ಭುಜ ತಾಗಿಸಿ ನಿಲ್ಲುವುದನ್ನು ಆಗಷ್ಟೆ ನೋಡಿದ್ದರಲ್ಲ.

ಬಾಲಚಂದ್ರರು ಬಾಯಿ ತೆರೆದರು. ಕಟ್ ಎಂದು ಹೇಳಬೇಕೆಂದಿದ್ದರೋ ಏನೋ. ತೊಡೆಯ ಮೇಲಿನ ಚೀಲ ಒಮ್ಮೆ ಜೋರಾಗಿ ಒದ್ದಾಡಿತು.