ಮೂರೂವರೆ ಇಂಚು

ಜಗದೀಶ ಹೊನ್ನಾವರದ ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕ. ಅವನ ಕಾರು ಬೆಳಕೆ ಊರಿನ ಕಡಲತೀರದ ಮರಳಿನಲ್ಲಿ ಹೂತದ್ದು ಒಂದು ನಾಮಕರಣದ ದಿನ. ಏಳು ಜನ ಕೂರುವ, ಬೂದು ಬಣ್ಣದ ದೊಡ್ಡ ಕಾರು ಅದು. ಮಾರಿದವರು ಅದು ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂದಿದ್ದರು. ಹೋಗಿತ್ತು ಕೂಡ. ವಾಪಸು ಬರುವುದರ ಬಗ್ಗೆ ಅವರು ಏನೂ ಹೇಳಿರಲಿಲ್ಲ.

ನಾಮಕರಣವಿದ್ದದ್ದು ಹೆಂಡತಿ ಸುಚಿತಾಳ ತವರಿನಲ್ಲಿ. ಅವಳ ತಮ್ಮ ರಾಜೇಶ ತನ್ನ ಮೀನಿನ ಟೆಂಪೊ ತಂದು, ಬಲೆಯ ಹಗ್ಗ ಕಟ್ಟಿ, ಕಾರನ್ನು ಹಿಂದೆ ಹಿಂದೆ ಎಳೆದು ಡಾಂಬರಿಗೆ ಹತ್ತಿಸಿದ. ನಲವತ್ತು ಜನ ನೆಂಟರು ಪಾಯಸದ ಲೋಟ ಹಿಡಿದುಕೊಂಡು ನೋಡಿದರು. ಯಾರೂ ನಗಲಿಲ್ಲ. ಸಂಜೆ ರಾಜೇಶ ಫೋನು ಮಾಡಿ, ಭಾವನ ಕಾರಿಗೆ ಏನೂ ಆಗಲಿಲ್ಲ ತಾನೆ ಎಂದು ವಿಚಾರಿಸಿದ. ಅವನು ನಕ್ಕಿದ್ದರೆ ವಾಸಿಯಿತ್ತು ಎಂದು ಜಗದೀಶನಿಗೆ ಅನಿಸಿತು.

ಆಮೇಲೆ ಮೂರು ವಾರ ಅವನು ಮೊಬೈಲಿನಲ್ಲಿ ದೊಡ್ಡ ಟೈರುಗಳ ವೀಡಿಯೊ ನೋಡಿದ. ಅದರಲ್ಲಿ ಗಡ್ಡ ಬಿಟ್ಟ ಗಂಡಸರು ಮರುಭೂಮಿ ದಾಟುತ್ತಿದ್ದರು. ಸುಚಿತಾ ಕುಮಟಾದ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ವರ್ಷಕ್ಕೆ ಎಷ್ಟು ಸಲ ಬೆಳಕೆಗೆ ಹೋಗುತ್ತೇವೆ ಎಂದು ಅವಳು ಕೇಳಿದಳು. ಎರಡು ಸಲ ಎಂದ. ಅವಳು ಪೇಪರು ತಿದ್ದಲು ಒಳಗೆ ಹೋದಳು.

ಭಟ್ಕಳದಲ್ಲಿ ಹೆದ್ದಾರಿಯ ಪಕ್ಕ ಮುಹಿದ್ದೀನ್ ಎಂಬವರ ಟೈರಿನ ಅಂಗಡಿಯಿದೆ. ಮುಹಿದ್ದೀನ್ ಪ್ರಾಮಾಣಿಕ ಮನುಷ್ಯ. ಇಷ್ಟು ದೊಡ್ಡ ಟೈರು ಹಾಕಿದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜುತ್ತದೆ, ಹಾಗಾಗಬಾರದೆಂದರೆ ಸ್ಪ್ರಿಂಗಿನ ಮೇಲೆ ಬಿಲ್ಲೆ ಇಟ್ಟು ಬಾಡಿಯನ್ನೇ ಎತ್ತರಿಸಬೇಕು, ಆದರೂ ಸ್ವಲ್ಪ ಉಜ್ಜುತ್ತದೆ, ಎಣ್ಣೆ ಜಾಸ್ತಿ ಕುಡಿಯುತ್ತದೆ, ಗಾಡಿಯ ಕಾಗದದಲ್ಲಿ ಬರೆದ ಅಳತೆಯೂ ಇದಲ್ಲ ಎಂದು ಎಲ್ಲವನ್ನೂ ಬಿಡಿಸಿ ಹೇಳಿದರು. ಜಗದೀಶ ಎಲ್ಲದಕ್ಕೂ ತಲೆಯಾಡಿಸಿದ. ಕಾರಿನಲ್ಲಿ ಯಾರು ಯಾರು ಕೂರುತ್ತಾರೆ ಎಂದು ಅವರು ಕೇಳಿದರು. ಹೆಂಡತಿ, ಮಗಳು, ತಾಯಿ ಎಂದ. ತಾಯಿಯ ವಯಸ್ಸು ಕೇಳಿದರು. ಎಪ್ಪತ್ತೊಂದು ಎಂದ. ಮುಹಿದ್ದೀನ್ ಗೋಡೆಗೆ ಒರಗಿಸಿಟ್ಟ ಟೈರನ್ನೂ ಜಗದೀಶನನ್ನೂ ಒಮ್ಮೆ ನೋಡಿದರು.

"ಒಟ್ಟು ಮೂರೂವರೆ ಇಂಚು ಎತ್ತರ ಆಗ್ತದೆ, ಸರ್," ಎಂದರು.

ಜಗದೀಶ ಬೆರಳುಗಳ ನಡುವೆ ಮೂರೂವರೆ ಇಂಚು ಹಿಡಿದು ನೋಡಿದ. ಏನೂ ಜಾಸ್ತಿ ಎನಿಸಲಿಲ್ಲ.

ಹೊಸ ಟೈರಿನ ಕಾರು ಮನೆಯ ಓಣಿಗೆ ಬಂದಾಗ ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಅವನು ಇಳಿದು, ಕೈ ಹಿಂದೆ ಕಟ್ಟಿಕೊಂಡು, ಕಾರಿನ ಸುತ್ತ ಒಂದು ಸುತ್ತು ನಡೆದ. ಬಲಕ್ಕೆ ಪೂರ್ತಿ ತಿರುಗಿಸಿದರೆ ಒಳಗಿನಿಂದ ಕರ್ ಎಂದು ಸದ್ದು ಬರುತ್ತಿತ್ತು. ಆದ್ದರಿಂದ ಅವನು ಪೂರ್ತಿ ತಿರುಗಿಸುವುದನ್ನು ಬಿಟ್ಟ. ಮೊದಲು ಒಂದೇ ಸಲಕ್ಕೆ ಹೊರಳುತ್ತಿದ್ದ ಓಣಿಯ ತಿರುವಿನಲ್ಲಿ ಈಗ ಮೂರು ಸಲ ಹಿಂದೆ ಮುಂದೆ ಆಡಿಸಬೇಕಾಗುತ್ತಿತ್ತು. ಸುಚಿತಾ ಒಂದು ದಿನ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನೂ ಕೈಗಡಿಯಾರವನ್ನೂ ನೋಡುತ್ತ ಕೂತಳು. ಮುಳ್ಳು ಅರವತ್ತು ತೋರಿಸುವಾಗ ನಾವು ಅರವತ್ತೈದರಲ್ಲಿ ಹೋಗುತ್ತಿದ್ದೇವೆ ಎಂದು ತಿಳಿಸಿದಳು. ಅವನು ಅದನ್ನು ಲಾಭವೆಂದೇ ತಿಳಿದ.

ಜಗದೀಶನ ತಾಯಿ ಕಮಲಿ ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದವಳು. ಗಂಡ ಈರ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಮೊಣಕಾಲಿನ ಚಿಕಿತ್ಸೆಗೆ ಅವಳನ್ನು ಹದಿನೈದು ದಿನಕ್ಕೊಮ್ಮೆ, ಶನಿವಾರ, ಕುಮಟಾದ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗುವುದು ಜಗದೀಶನ ಕೆಲಸ. ಕಾರಿನ ಹಳೆಯ ಎತ್ತರವೇ ಅವಳ ಕಾಲಿಗೆ ಕೊನೆಯ ಎತ್ತರವಾಗಿತ್ತು. ಇದು ಅವಳಿಗೆ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ.

ಮೊದಲ ಶನಿವಾರ ಅವಳು ಬಲಗಾಲು ಒಳಗಿಟ್ಟು, ಮೇಲಿನ ಹಿಡಿ ಹಿಡಿದು, ಅರ್ಧ ಏರಿ ಅಲ್ಲೇ ನಿಂತುಬಿಟ್ಟಳು. ಹತ್ತಲೂ ಆಗಲಿಲ್ಲ, ಇಳಿಯಲೂ ಆಗಲಿಲ್ಲ. ಹತ್ತನೆಯ ಇಯತ್ತೆಯ ಮೊಮ್ಮಗಳು ದೀಪಿಕಾ ಹಿಂದಿನಿಂದ ನೂಕಿದಳು, ಜಗದೀಶ ಒಳಗಿನಿಂದ ಎಳೆದ. ಕಮಲಿ ಕೂತು, ಸೆರಗು ಸರಿಮಾಡಿಕೊಂಡು, ಕಿಟಕಿಯ ಹೊರಗೆ ನೋಡತೊಡಗಿದಳು. ಕುಮಟಾ ಮುಟ್ಟುವವರೆಗೆ ಅವಳು ಆಡಿದ್ದು ಒಂದೇ ಮಾತು, ಎತ್ತರ ಅದೆ ಎಂದು. ಜಗದೀಶ ಅದನ್ನು ಮೆಚ್ಚುಗೆಯೆಂದು ತಿಳಿದ.

ಕುಮಟಾದಲ್ಲಿ ಇಳಿಸುವಾಗ ಇಬ್ಬರು ರಿಕ್ಷಾದವರು ಚಹಾದ ಗ್ಲಾಸು ಕೆಳಗಿಟ್ಟು ಬಂದು ಒಂದೊಂದು ತೋಳು ಹಿಡಿದರು. ಬುಟ್ಟಿ ಹೊತ್ತ ಮೂವತ್ತು ವರ್ಷಗಳಲ್ಲಿ ಯಾರೂ ಅವಳ ತೋಳು ಹಿಡಿದಿರಲಿಲ್ಲ. ಅವಳು ಇಬ್ಬರಿಗೂ ಉಪಕಾರವಾಯಿತೆಂದು ಹೇಳಿ ಒಳಗೆ ಹೋದಳು.

ಮುಂದಿನ ಸಲಕ್ಕೆ ಜಗದೀಶ ಒಂದು ಪ್ಲಾಸ್ಟಿಕ್ ಸ್ಟೂಲು ತಂದ. ಕಮಲಿ ಸ್ಟೂಲಿನ ಮೇಲೆ ಕಾಲಿಟ್ಟಾಗ ಅದು ಅಲುಗಾಡಿತು. ಅವಳು ಕಣ್ಣು ಮುಚ್ಚಿಕೊಂಡು ಹತ್ತಿದಳು. ಮರಳುವಾಗ ಅವಳನ್ನು ಹತ್ತಿಸಿ, ಬಾಗಿಲು ಹಾಕಿ, ಜಗದೀಶ ಹೊರಟುಬಿಟ್ಟ. ಸ್ಟೂಲು ಕುಮಟಾದಲ್ಲೇ ಉಳಿಯಿತು. ಬಾಗಿಲ ಕೆಳಗೆ ಕಬ್ಬಿಣದ ಮೆಟ್ಟಿಲು ಹಾಕಿಸಬಾರದೇ ಎಂದು ಸುಚಿತಾ ಕೇಳಿದಳು. ಮೆಟ್ಟಿಲು ಹಾಕಿದರೆ ಅದು ಕಾರಿನ ಹೊಟ್ಟೆ ಮೊದಲು ಎಲ್ಲಿತ್ತೋ ಅಲ್ಲಿಗೇ ಬರುತ್ತದೆ, ಮತ್ತೆ ಎತ್ತರಿಸಿ ಏನು ಪ್ರಯೋಜನ ಎಂದು ಜಗದೀಶ ವಿವರಿಸಿದ. ವಿವರಣೆಯಲ್ಲಿ ತಪ್ಪೇನೂ ಇರಲಿಲ್ಲ.

ಮೂರನೆಯ ಶನಿವಾರ ಕಮಲಿ ಮೊಣಕಾಲು ಗುಣವಾಯಿತು ಎಂದಳು. ಇನ್ನು ಡಾಕ್ಟರು ಬೇಡ, ಶನಿವಾರ ಮಾವಿನಕುರ್ವೆಯ ಮಾದಿಯ ಮನೆಗೆ ಹೋಗಿ ಕೂತು ಬರುತ್ತೇನೆ ಎಂದಳು. ಮಾದಿ ಅವಳ ಜೊತೆಗೆ ಮೀನು ಮಾರಿದವಳು. ಕಾರಿನಲ್ಲಿ ಬಿಡುತ್ತೇನೆ ಎಂದ ಮಗನಿಗೆ, ರಿಕ್ಷಾ ಹೇಳಿಯಾಗಿದೆ ಎಂದಳು. ಜಗದೀಶ ಸ್ಟಾಫ್‌ರೂಮಿನಲ್ಲಿ, ದೊಡ್ಡ ಟೈರಿನಿಂದ ಕುಲುಕಾಟ ಕಡಿಮೆಯಾಗಿ ತಾಯಿಯ ಕಾಲು ಸುಧಾರಿಸಿತು ಎಂದು ಹೇಳಿದ. ಇಬ್ಬರು ಸಹೋದ್ಯೋಗಿಗಳು ಟೈರಿನ ಕಂಪನಿಯ ಹೆಸರು ಬರೆದುಕೊಂಡರು.

ಹೀಗೆ ತಿಂಗಳು ಕಳೆಯಿತು. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸುಚಿತಾ ಕುಮಟಾ ಬಸ್‌ಸ್ಟ್ಯಾಂಡಿಗೆ ಬಂದಾಗ, ಹೊನ್ನಾವರದ ಬಸ್ಸಿನಿಂದ ಇಬ್ಬರು ಮುದುಕಿಯರು ಇಳಿಯುತ್ತಿದ್ದರು. ಮುಂದಿನವಳು ಅವಳ ಅತ್ತೆ. ಹಿಂದೆ ಚೀಲ ಹಿಡಿದುಕೊಂಡಿದ್ದವಳು ಮಾದಿ. ಕಮಲಿ ಸೊಸೆಯನ್ನು ನೋಡಿದಳು. ತಪ್ಪಿಸಿಕೊಳ್ಳಲು ಅವಳ ಕಾಲು ಅಷ್ಟು ಬೇಗ ಓಡುವಂತಿರಲಿಲ್ಲ.

ಮೂವರೂ ಡಾಕ್ಟರ ಬೆಂಚಿನ ಮೇಲೆ ಕೂತರು. ತಾನು ಸುಮ್ಮನೆ ಜೊತೆಗೆ ಬಂದವಳು, ಹೇಗೂ ಹೆಂಗಸರಿಗೆ ಟಿಕೇಟಿಲ್ಲ ಎಂದು ಮಾದಿ ಕೇಳದೆಯೇ ಹೇಳಿದಳು.

"ಬಸ್ಸು ಎತ್ತರ ಆಗುದಿಲ್ವಾ, ಅತ್ತೆ?" ಎಂದು ಸುಚಿತಾ ಕೇಳಿದಳು.

"ಬಸ್ಸಿಗೆ ಕಂಬಿ ಅದೆ. ಮೆಟ್ಲು ಅದೆ. ನಾ ಹತ್ತೂ ತನಕ ಕಂಡಕ್ಟರ ಸೀಟಿ ಊದುದಿಲ್ಲ."

"ನಿಮ್ಮ ಮಗಂಗೆ ಹೇಳೂಕೆ ಎಂತಾಗಿತ್ತು?"

ಕಮಲಿ ಗಂಡನ ಸುದ್ದಿ ಹೇಳಿದಳು. ಈರ ಬಹಳ ವರ್ಷ ಬೇರೆಯವರ ದೋಣಿಯಲ್ಲಿ ದುಡಿದು, ಕೊನೆಗೆ ತನ್ನದೇ ಒಂದು ಸಣ್ಣ ದೋಣಿ ಮಾಡಿಕೊಂಡ. ಅದಕ್ಕೆ ಬಂದರಿನಲ್ಲೇ ಎಲ್ಲರಿಗಿಂತ ದೊಡ್ಡ ಎಂಜಿನ್ನು ತಂದು ಕೂರಿಸಿದ. ಎಂಜಿನ್ನಿನ ಭಾರಕ್ಕೆ ದೋಣಿಯ ಹಿಂಭಾಗ ಕೆಳಗೆ ಕೂತು, ಮೂಗು ಆಕಾಶಕ್ಕೆ ಎದ್ದಿತು. ಈರ ಮುಂದೆ ಕಲ್ಲು ಹೇರಿದ. ದೋಣಿ ನೇರವಾಯಿತು, ಆದರೆ ಮೀನು ಹಾಕಲು ಜಾಗ ಉಳಿಯಲಿಲ್ಲ. ಎರಡು ತಿಂಗಳು ಅವನು ಕಲ್ಲು ಹೇರಿಕೊಂಡು ಸಮುದ್ರಕ್ಕೆ ಹೋಗಿ ಬಂದ. ಬಂದರಿನಲ್ಲಿ ಅವನಷ್ಟು ಬೇಗ ಹೋಗಿ ಬರುವವರು ಯಾರೂ ಇರಲಿಲ್ಲ.

"ಮತ್ತೆ?"

"ಮತ್ತೆ ಎಂಜಿನ್ನು ಅವ್ರೇ ತೆಗೆದ್ರು. ನಾ ಒಂದು ಮಾತು ಹೇಳ್ಲಿಲ್ಲ."

"ಹೇಳಿದ್ರೆ?"

"ಹೇಳಿದ್ರೆ ಇನ್ನೆರಡು ತಿಂಗಳು ಇಡ್ತಿದ್ರು." ಕಮಲಿ ಮೊಣಕಾಲು ಸವರಿಕೊಂಡಳು. "ಆ ಎರಡು ತಿಂಗಳು ಅವ್ರು ಎಷ್ಟು ಖುಷಿಲಿದ್ರು ಗೊತ್ತುಂಟಾ? ಜಗದೀಶಂಗೂ ಹಂಗೇ ಖುಷಿ ಅದೆ. ನೀ ಹೇಳ್ಬೇಡ."

ಸುಚಿತಾ ಹೇಳಲಿಲ್ಲ. ಮನೆಗೆ ಬಂದ ಮೇಲೆ ಎರಡು ಸಲ ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡಳು. ಹದಿನೈದು ದಿನ ಬಿಟ್ಟು, ಶಾಲೆ ಮುಗಿದ ಕೂಡಲೇ ತಾನೇ ಡಾಕ್ಟರಲ್ಲಿಗೆ ಹೋಗಿ ಅತ್ತೆಯ ಪಕ್ಕ ಕೂತಳು.

ಅದೇ ಶನಿವಾರ ಜಗದೀಶ ಒಂದು ಸಭೆಗೆಂದು ಕುಮಟಾಕ್ಕೆ ಬಂದಿದ್ದ. ಸಭೆ ಬೇಗ ಮುಗಿಯಿತು. ಹೊನ್ನಾವರದ ಕಡೆ ಹೊರಟಾಗ ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾಯುವವರ ನಡುವೆ ತನ್ನ ಹೆಂಡತಿ, ತಾಯಿ ಮತ್ತು ಮಾದಿ ಸಾಲಾಗಿ ನಿಂತದ್ದು ಕಂಡಿತು. ಅವನು ಕಾರು ನಿಲ್ಲಿಸಿ ಗಾಜು ಇಳಿಸಿದ.

"ಅವ್ವ, ಇಲ್ಲೆಂತ?"

"ಡಾಕ್ಟರ ಹತ್ರ ಬಂದಿದ್ದೆ."

"ಕಾಲು ಗುಣ ಆತು ಅಂದಿದ್ಯಲ್ಲ ನೀನು."

"ಆಗ್ತಾ ಅದೆ," ಎಂದಳು ಕಮಲಿ.

ಅವನು ಒಳಗಿನಿಂದಲೇ ಕೈ ಚಾಚಿ ಬಾಗಿಲು ತೆರೆದು, ಹತ್ತಲು ಹೇಳಿದ. ಕಮಲಿ ಬಾಗಿಲ ತಳವನ್ನು ನೋಡಿದಳು. ಆಮೇಲೆ ಮಗನ ಮುಖ ನೋಡಿದಳು. ಬಸ್ಸು ಬಂತು ಎಂದಳು. ಬಸ್ಸು ನಿಜಕ್ಕೂ ಬಂದಿತ್ತು. ಅವಳು ಕಂಬಿ ಹಿಡಿದು, ಒಂದು ಮೆಟ್ಟಿಲು, ನಿಂತು, ಇನ್ನೊಂದು ಮೆಟ್ಟಿಲು ಎಂದು ಹತ್ತಿದಳು. ಹಿಂದಿನಿಂದ ಮಾದಿ ಹತ್ತಿದಳು. ಸುಚಿತಾ ಕಾರಿಗೂ ಬಸ್ಸಿಗೂ ನಡುವೆ ಒಂದು ಗಳಿಗೆ ನಿಂತಳು. ನೀವು ಹಿಂದಿನಿಂದ ಬನ್ನಿ ಎಂದು ಗಂಡನಿಗೆ ಹೇಳಿ ಅವಳೂ ಬಸ್ಸು ಹತ್ತಿದಳು.

ಜಗದೀಶ ಹಿಂದಿನಿಂದ ಬಂದ. ಬಸ್ಸನ್ನು ದಾಟಿ ಹೋಗಲು ಎಷ್ಟೋ ಸಲ ದಾರಿ ಸಿಕ್ಕಿತು. ಅವನು ದಾಟಲಿಲ್ಲ. ಹಿಂದಿನ ಗಾಜಿನಲ್ಲಿ ತಾಯಿಯ ತುರುಬು ಕಾಣುತ್ತಿತ್ತು. ಧಾರೇಶ್ವರದಲ್ಲಿ ಬಸ್ಸು ನಿಂತಿತು, ಅವನೂ ನಿಂತ. ಹಳದೀಪುರದಲ್ಲಿ ನಿಂತಾಗ, ಏಳು ಸೀಟಿನಲ್ಲಿ ಆರು ಖಾಲಿಯಿದ್ದದ್ದು ಕಂಡು, ಬಾಡಿಗೆ ಗಾಡಿಯೆಂದು ತಿಳಿದ ಮುದುಕರೊಬ್ಬರು ಬಾಗಿಲು ತೆಗೆದು ಹೊನ್ನಾವರಕ್ಕಾ ಎಂದು ಕೇಳಿದರು. ಜಗದೀಶ ಹೌದು, ಬನ್ನಿ ಎಂದ. ಅವರು ಕಾಲೆತ್ತಿದರು. ಎತ್ತಿದ ಕಾಲು ಅರ್ಧದಲ್ಲಿ ನಿಂತಿತು. ಕಾಲನ್ನು ಕೆಳಗಿಟ್ಟು, ಇನ್ನೊಂದನ್ನು ಎತ್ತಿ ನೋಡಿದರು.

"ಬೇಡ ಬಿಡಿ, ತಮ್ಮಾ," ಎಂದು ಬಾಗಿಲನ್ನು ಮೆಲ್ಲಗೆ ಹಾಕಿ, ಮುಂದೆ ಹೋಗಿ ಬಸ್ಸು ಹತ್ತಿದರು.

ಹೊನ್ನಾವರ ಬಸ್‌ಸ್ಟ್ಯಾಂಡಿನ ಎದುರು ಅವನು ಕಾರು ನಿಲ್ಲಿಸಿ ಕಾದ. ಕಮಲಿ ಬಸ್ಸಿನ ಬಾಗಿಲಿಗೆ ಬಂದು, ಎರಡು ಕೈಯಲ್ಲೂ ಕಂಬಿ ಹಿಡಿದು, ಮೈಯನ್ನು ಅಡ್ಡ ತಿರುಗಿಸಿದಳು. ನೋವಿಲ್ಲದ ಕಾಲು ಯಾವುದೆಂದು ಯೋಚಿಸಿದಂತೆ ನಿಂತು, ಒಂದೊಂದಾಗಿ ಇಳಿಸಿದಳು. ತಾಯಿ ಇಳಿಯುವುದನ್ನು ಅವನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಇಷ್ಟು ದಿನ ಎಳೆಯುವ ಗಡಿಬಿಡಿಯಲ್ಲಿ ನೋಡಿರಲಿಲ್ಲ. ಹಿಂದಿನ ಗಾಡಿಯವನು ಹಾರ್ನ್ ಹಾಕಿದ್ದರಿಂದ ಮುಂದೆ ಹೋಗಬೇಕಾಯಿತು.

ಆ ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಬಂಗಡೆ ಸಾರು ಚೆನ್ನಾಗಿದೆ ಎಂದು ಜಗದೀಶ ಎರಡು ಸಲ ಹೇಳಿದ.

ಮರುದಿನ ಬೆಳಿಗ್ಗೆ ಅವನೊಬ್ಬನೇ ಭಟ್ಕಳಕ್ಕೆ ಹೋದ. ಹಳೆಯ ಟೈರುಗಳು ಆಗಲೇ ಪಕ್ಕದ ಜಾಲಿ ಊರಿನ ಯಾರದೋ ಗಾಡಿ ಸೇರಿದ್ದವು. ಅದೇ ಅಳತೆಯ ಹೊಸದನ್ನು ಹಾಕಿಸಿ, ಸ್ಪ್ರಿಂಗಿನ ಮೇಲಿನ ಬಿಲ್ಲೆಗಳನ್ನು ತೆಗೆಸಿದ. ಮುಹಿದ್ದೀನ್ ಚಹಾ ತರಿಸಿ ಕೊಟ್ಟರು.

"ನನ್ನ ಹತ್ರ ಮೂರು ಕಾರುಂಟು, ಸರ್," ಎಂದರು. "ನಮ್ಮ ಅಮ್ಮ ಎಲ್ಲಿಗೆ ಹೋಗೋದಾದ್ರೂ ರಿಕ್ಷಾನೇ ತರಿಸ್ತಾರೆ."

ಜಗದೀಶ ಮನೆಗೆ ಬಂದಾಗ ಕಮಲಿ ಜಗಲಿಯಲ್ಲಿ ಕೂತು ಒಣ ಸಿಗಡಿ ಆರಿಸುತ್ತಿದ್ದಳು. ಕಾರನ್ನು ನೋಡಿದಳು.

"ಗಿಡ್ಡ ಆತಲ್ಲ," ಎಂದಳು.

"ಸ್ಟೇರಿಂಗ್ ಭಾರ ಆಗ್ತಿತ್ತು, ಅವ್ವ."

"ಹೌದಾ. ಚಂದ ಇತ್ತು."

ಅವಳು ಸಮಾಧಾನಕ್ಕೆ ಹೇಳಿದಳೋ ನಿಜವಾಗಿಯೇ ಹೇಳಿದಳೋ ಅವನಿಗೆ ಗೊತ್ತಾಗಲಿಲ್ಲ. ಸುಚಿತಾ ಬಾಗಿಲಲ್ಲಿ ನಿಂತಿದ್ದಳು. ಅವಳು ಒಳಗೆ ಹೋಗಿ ಊಟಕ್ಕೆ ಬಡಿಸಿದಳು.

ಮುಂದಿನ ಸರದಿಯ ಶನಿವಾರ ಜಗದೀಶ ಕಾರನ್ನು ಅಂಗಳದ ಕಟ್ಟೆಗೆ ತಾಗಿಸಿ ನಿಲ್ಲಿಸಿ, ಇಳಿದು ಬಂದು, ಬಾಗಿಲು ಹಿಡಿದುಕೊಂಡು ನಿಂತ. ಕಮಲಿ ಅವನ ಹೆಗಲ ಮೇಲೆ ಕೈಯಿಟ್ಟು, ತನ್ನಷ್ಟಕ್ಕೆ ಸಮಯ ತೆಗೆದುಕೊಂಡು ಹತ್ತಿದಳು. ಓಣಿಯ ಕೊನೆಯಲ್ಲಿ ನಿಲ್ಲಿಸಲು ಹೇಳಿದಳು. ಅಲ್ಲಿ ಮಾದಿ ಚೀಲ ಹಿಡಿದು ಕಾಯುತ್ತಿದ್ದಳು. ಮಾದಿಗೂ ಮೊಣಕಾಲು ನೋವು ಶುರುವಾಗಿದೆ, ಅವಳೂ ಡಾಕ್ಟರಿಗೆ ತೋರಿಸುತ್ತಾಳೆ ಎಂದು ಕಮಲಿ ಹೇಳಿದಳು. ಮಾದಿ ಹತ್ತಿ ಕೂತಳು. ಕುಮಟಾ ಮುಟ್ಟುವವರೆಗೆ ಇಬ್ಬರೂ ಮೀನು ಪೇಟೆಯ ಸುದ್ದಿ ಮಾತಾಡಿದರು. ಜಗದೀಶನನ್ನು ಯಾರೂ ಏನೂ ಕೇಳಲಿಲ್ಲ.