ಗಾದಿಲಿಂಗಪ್ಪನ ತೋಟಕ್ಕಿಳಿದ ತಾಮ್ರದ ಪಟ್ಟಿ

ಸುಧಾರಾಣಿ ಮೈಕಿನ ಗುಂಡಿ ಒತ್ತಿ ಮಾತಿಗೆ ಬಾಯಿ ತೆರೆದರೆ ಸಾಕು, ಎರಡು ಫಜೀತಿ ಒಟ್ಟಿಗೇ ಆಗುತ್ತಿದ್ದವು. ತುಟಿಗೆ ಇರುವೆ ಕಡಿದಂತೆ ಚುರುಕ್ಕೆನ್ನುತ್ತಿತ್ತು. ಅದೇ ಹೊತ್ತಿಗೆ ಮುಂಬಾಗಿಲ ಗಂಟೆ ತಾನೇ ತಾನಾಗಿ ಗಿಳಿಯ ಹಾಗೆ ಕೂಗುತ್ತಿತ್ತು. ತಾಯಿ ದುರ್ಗಕ್ಕ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿಹೋಗಿ ಬಾಗಿಲು ತೆರೆದರೆ, ಹೊರಗೆ ನರಪಿಳ್ಳೆಯೂ ಇರುತ್ತಿರಲಿಲ್ಲ.

"ಸುಧಾ, ಇದು ನಾಕನೇ ಸಲ! ಯಾರೋ ಗಂಟಿ ಒತ್ತಿ ಓಡಿ ಹೋಗ್ತಾರ."

"ಯಾರೂ ಅಲ್ಲಬೇ ಯವ್ವಾ, ನನ್ನ ರೇಡಿಯೋನ ಮಾಡಾಕತ್ತೈತಿ."

"ನೀ ಒಳಗ ಕುಂತು ಮಾತಾಡಿದ್ರ ಹೊರಗಿನ ಗಂಟಿಗೇನು ಬಂತು ರೋಗ?"

ಸುಧಾರಾಣಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಮೋಟಾರು ರಿಪೇರಿ ವಿಭಾಗದವಳು. ಹಿಂದಿನ ವರ್ಷ ಪರೀಕ್ಷೆ ಪಾಸು ಮಾಡಿ, ಹ್ಯಾಮ್ ರೇಡಿಯೋ ಲೈಸೆನ್ಸ್ ಪಡೆದು, ಕಡ್ಡಿರಾಂಪುರದ ಮನೆಯ ಮಾಳಿಗೆಯಿಂದ ಬೇವಿನ ಮರಕ್ಕೆ ಆಂಟೆನಾ ತಂತಿ ಎಳೆದಿದ್ದಳು. ಭಾನುವಾರ ಬೆಳಿಗ್ಗೆ ಊರೂರಿನ ಹವ್ಯಾಸಿಗಳು ಒಂದೇ ತರಂಗದಲ್ಲಿ ಸೇರಿ ಹರಟುತ್ತಿದ್ದರು. ಅವಳು ಹೆಸರು ಹೇಳುವಷ್ಟರಲ್ಲೇ ತುಟಿ ಚುರುಕ್ಕೆಂದು ಗುಂಡಿ ಬಿಟ್ಟುಬಿಡುತ್ತಿದ್ದಳು. ಅಲ್ಲಿ ಅವಳಿಗೆ "ಮಾಯವಾಗೋ ಮೇಡಂ" ಎಂಬ ಹೆಸರೇ ಬಿದ್ದಿತ್ತು. ನಗುನಗುತ್ತಲೇ ಕೇಳಿಸಿಕೊಂಡರೂ ಒಳಗೆ ಚುಚ್ಚುತ್ತಿತ್ತು.

ಕೊನೆಗೆ ಅವಳಿಗೆ ಪರೀಕ್ಷೆಗೆ ಪಾಠ ಹೇಳಿದ್ದ ವಾಸುದೇವ ಹೊಸಪೇಟೆಯಿಂದ ಸ್ಕೂಟರಿನಲ್ಲಿ ಬಂದರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು. ಮೇಜಿನ ಹಿಂದೆ ಬಗ್ಗಿ ರೇಡಿಯೋದ ಡಬ್ಬಿಗಳನ್ನು ನೋಡಿ ನಕ್ಕರು.

"ಒಂದು ಡಬ್ಬಿ ಬಾಲಕ್ಕ ಇನ್ನೊಂದು ಡಬ್ಬಿ ಕಟ್ಟೀಯಲ್ಲಮ್ಮಾ, ಅದೂ ಸಣ್ಣ ವಾಯರಿಲೆ. ನೆಲಕ್ಕ ಹೊಡೆದ ಅರ್ಥಿಂಗ್ ರಾಡ್ ಎಷ್ಟು ಇಳಿದೈತಿ?"

"ಎರಡಡಿಗೇ ಬಂಡಿಗಲ್ಲು ತಾಗಿತ್ರಿ ಸರ್. ನಮ್ಮ ಮನಿ ಬುಡಕ್ಕೆಲ್ಲಾ ಬಂಡೀನ."

ಅದಕ್ಕೇ ರೇಡಿಯೋ ತರಂಗ ಮೈಕಿಗೂ ಗಂಟೆಯ ತಂತಿಗೂ ನುಗ್ಗುತ್ತಿದೆ ಎಂದು ವಾಸುದೇವ ಎರಡು ಕೆಲಸ ಹೇಳಿದರು. ಮೇಜಿನ ಹಿಂದೆ ಒಂದು ತಾಮ್ರದ ಹಲಗೆ ಜಡಿದು, ಎಲ್ಲ ಡಬ್ಬಿಗಳನ್ನೂ ಅಗಲವಾದ ಗಿಡ್ಡ ಪಟ್ಟಿಗಳಿಂದ ಅದೊಂದಕ್ಕೇ ಬಿಗಿಯಬೇಕು. ಮನೆಯ ಅರ್ಥಿಂಗನ್ನೂ ಅದಕ್ಕೇ ಕೂಡಿಸಬೇಕು. ಆಮೇಲೆ ಆ ಹಲಗೆಯಿಂದ ಒಂದು ಪಟ್ಟಿ ಹೊರಗೆ ಹೋಗಿ ಹಸಿ ಮಣ್ಣು ಸೇರಬೇಕು.

"ಒಳಗಿಂದು ನಿನ್ನ ತುಟಿಗೆ, ಹೊರಗಿಂದು ಸಿಡ್ಲಿಗೆ. ಎರಡೂ ಆಗೋತನಕ ಮೈಕ್ ಮುಟ್ಟಬ್ಯಾಡ."

ಒಳಗಿನ ಕೆಲಸ ಒಂದೇ ದಿನಕ್ಕೆ ಮುಗಿಯಿತು. ಹಸಿ ಮಣ್ಣು ಮಾತ್ರ ಹಿತ್ತಲ ಬೇಲಿಯಾಚೆ, ನೆರೆಯ ಗಾದಿಲಿಂಗಪ್ಪನ ಬಾಳೆತೋಟದಲ್ಲಿತ್ತು. ಕೇಳಲು ಹೋದವಳಿಗೆ ಅವನು ಖಡಾಖಂಡಿತವಾಗಿ ಹೇಳಿದ: "ನಿನ್ನ ರೇಡಿಯೋ ಕರೆಂಟ್ ತಂದು ನನ್ನ ಬಾಳಿಗಿಡಕ್ಕ ಬಿಡ್ತೀಯೇನವ್ವಾ? ಗೊನಿ ಬರೋ ಹೊತ್ತು. ಬ್ಯಾಡಂದ್ರ ಬ್ಯಾಡ."

ಅವಳು ವಾದಕ್ಕಿಳಿಯದೆ ತಿರುಗಿದಳು. ಅಷ್ಟರಲ್ಲಿ ಗಾದಿಲಿಂಗಪ್ಪ ಒಂದು ಒಣ ಕಡ್ಡಿ ಹುಡುಕಿ, ಅದರಿಂದ ಪಂಪಿನ ಸ್ಟಾರ್ಟರ್ ಗುಂಡಿ ಒತ್ತಿದ್ದು ಕಣ್ಣಿಗೆ ಬಿತ್ತು.

"ಅದ್ಯಾಕ ಮಾವ, ಕಡ್ಡೀಲೆ ಒತ್ತೀರಿ?"

"ಕೈಲೆ ಮುಟ್ಟಿದ್ರ ಜುಮ್ ಅಂತೈತಿ. ಎರಡ್ ವರ್ಷಾತು, ರೂಢಿ ಆಗೇತಿ."

ಸುಧಾರಾಣಿ ಜೇಬಿನ ಟೆಸ್ಟರ್ ತೆಗೆದು ಮೋಟಾರಿನ ಮೈಗೆ ತಾಗಿಸಿದಳು. ಕೆಂಪು ದೀಪ ಹೊತ್ತಿತು. ಓಡಿಹೋಗಿ ಫ್ಯೂಸ್ ಕಿತ್ತು ಕೈಯಲ್ಲಿ ಹಿಡಿದುಕೊಂಡಳು.

"ಮಾವ, ತೊಯ್ದ ಕಾಲಾಗ ಒಂದಿನ ಇದನ್ನ ಮುಟ್ಟಿದ್ರ ನೀವು ಮನಿಗೆ ಬರಾಂಗಿಲ್ಲ. ಇದನ್ನ ಸರಿ ಮಾಡೋತನಕ ಫ್ಯೂಸ್ ಕೊಡಾಂಗಿಲ್ಲ ನಾನು."

ಗಾದಿಲಿಂಗಪ್ಪ ಕೈಯಲ್ಲಿದ್ದ ಕಡ್ಡಿ ಎಸೆದು ಮೋಟಾರಿನಿಂದ ಹಿಂದೆ ಸರಿದ. ಹೋದ ವಾರವಷ್ಟೇ ಅವನ ಹೆಂಡತಿ ಆ ಮೋಟಾರಿಗೆ ಒರಗಿ ನಿಂತು ಸೀರೆ ಹಿಂಡಿದ್ದಳು. ಅವತ್ತು ಕರೆಂಟು ಇರಲಿಲ್ಲ, ಅಷ್ಟೆ.

ಹುಡುಕಿದರೆ, ಮೋಟಾರಿನ ಅರ್ಥಿಂಗ್ ತಂತಿಯನ್ನು ಯಾವನೋ ಪುಣ್ಯಾತ್ಮ ನೆಲಕ್ಕಿಳಿಸುವ ಬದಲು ಬೇಲಿಯ ಕಲ್ಲುಕಂಬಕ್ಕೆ ಸುತ್ತಿ ಹೋಗಿದ್ದ. ಒಳಗೆ ಒಂದು ವಾಯರಿನ ಸಿಪ್ಪೆ ಸವೆದು ಮೋಟಾರಿನ ಮೈಗೆ ತಾಗಿ, ಅದಕ್ಕೆ ಕೂಡಿದ ಸ್ಟಾರ್ಟರಿನ ಮೈಗೂ ಕರೆಂಟು ಹರಿಯುತ್ತಿತ್ತು. ಸುಧಾರಾಣಿ ವಾಯರು ಬದಲಿಸಿದಳು. ಮನೆಯಲ್ಲಿ ಬಂಡೆಗೆ ಬಡಿದರೂ ಬಾಗದೆ ಉಳಿದಿದ್ದ ತನ್ನ ರಾಡನ್ನೇ ಕಿತ್ತು ತಂದು ತೋಟದ ನೀರುಕಾಲುವೆ ಬದಿಯಲ್ಲಿ ನಿಲ್ಲಿಸಿದಳು. ನಾಲ್ಕು ಏಟಿಗೆ ಅರ್ಧ ಒಳಗೆ! ಪೂರ್ತಿ ಎಂಟಡಿ ಇಳಿಸಿ ತಂತಿ ಬಿಗಿದು, ಫ್ಯೂಸ್ ಹಾಕಿ, ಟೆಸ್ಟರ್ ಇಟ್ಟಳು. ದೀಪ ಹೊತ್ತಲಿಲ್ಲ.

ಗಾದಿಲಿಂಗಪ್ಪ ಮೊದಲು ಒಂದು ಬೆರಳು ತಾಗಿಸಿದ. ಆಮೇಲೆ ಎತ್ತಿನ ಬೆನ್ನು ಸವರುವಂತೆ ಅಂಗೈ ಪೂರಾ ಇಟ್ಟು, ಓಡುತ್ತಿದ್ದ ಮೋಟಾರನ್ನು ಸವರಿಯೇ ಸವರಿದ.

"ಏನೂ ಅನ್ನವಲ್ದು ನೋಡವ್ವಾ!"

ಮರುದಿನ ಅವನೇ ಹೊಸಪೇಟೆಗೆ ಹೋಗಿ ಇನ್ನೊಂದು ರಾಡು ತಂದ. ಹಿತ್ತಲಿಂದ ತೋಟದ ಹಸಿ ಮಣ್ಣಿನವರೆಗೆ ಮೊಣಕಾಲಾಳದ ತಗ್ಗು ಅಗೆದ. ದುರ್ಗಕ್ಕ ಮೇಲೆ ನಿಂತು "ಅಲ್ಲಿ ಬಾಳಿ ಬೇರೈತಿ, ಹುಷಾರ್" ಎಂದು ಅವನಿಗೇ ಅವನ ತೋಟದ ಬಗ್ಗೆ ಹೇಳಿಕೊಟ್ಟಳು. ಪಂಪಿನಿಂದ ದೂರ, ರೇಡಿಯೋಗೆಂದೇ ಬೇರೆ ರಾಡು ಇಳಿಯಿತು. ಹೊಳೆಯುವ ತಾಮ್ರದ ಪಟ್ಟಿ ಮಣ್ಣಿನಡಿ ಮಲಗಿತು.

ಭಾನುವಾರ ವಾಸುದೇವ, ಗಾದಿಲಿಂಗಪ್ಪ ಇಬ್ಬರೂ ಬಂದು ಕುಳಿತರು. ಸುಧಾರಾಣಿ ಗುಂಡಿ ಒತ್ತಿದಳು. ತುಟಿ ಸುಮ್ಮನಿತ್ತು. ಗಂಟೆ ಸುಮ್ಮನಿತ್ತು. ದುರ್ಗಕ್ಕ ನಿರಾಳವಾಗಿ ರೊಟ್ಟಿ ತಿರುವಿ ಹಾಕಿದಳು.

ರೇಡಿಯೋದಲ್ಲಿ ಸಂಡೂರಿನ ಮೇಷ್ಟ್ರು ಹಾಲಸ್ವಾಮಿಯವರ ಧ್ವನಿ ಬಂತು: "ಮೇಡಂ, ಇವತ್ತು ನಿಮ್ಮ ಧ್ವನಿ ಮಸ್ತ್ ಬರಾಕತ್ತೈತ್ರಿ! ಏನ್ ಮಾಡಿದ್ರಿ? ನಂದೂ ಬಂಡೀ ಮ್ಯಾಲಿನ ಮನೀನ."

ಒಂದು ವಾಕ್ಯ ಮುಗಿಸಲಾಗದಿದ್ದವಳು ಹತ್ತು ನಿಮಿಷ ವಿವರಿಸಿದಳು. ಹಲಗೆ ಎಲ್ಲಿ ಜಡಿಯಬೇಕು, ಪಟ್ಟಿ ಎಷ್ಟು ಅಗಲ ಇರಬೇಕು, ಹಸಿ ಮಣ್ಣು ಹೇಗೆ ಹುಡುಕಬೇಕು. ಬೇರೆ ಊರಿನವರೂ ನಡುನಡುವೆ ಪ್ರಶ್ನೆ ಕೇಳಿದರು. ಎಲ್ಲರಿಗೂ ಉತ್ತರ ಕೊಟ್ಟಳು.

"ಒಂದ್ಸಲ ನಮ್ಮಲ್ಲಿಗೇ ಬಂದು ನೋಡಿಬಿಡ್ರಿ ಮೇಡಂ," ಎಂದರು ಹಾಲಸ್ವಾಮಿ.

ಅವಳು ಉತ್ತರಿಸುವ ಮೊದಲೇ ಗಾದಿಲಿಂಗಪ್ಪ ಕುರ್ಚಿಯಿಂದ ಎದ್ದಿದ್ದ. "ಬರ್ತೀವಿ ಅನ್ನು. ಅಗಿಯಾಕ ಹಾರಿ, ಸಲಿಕಿ ನಾನೇ ತರ್ತೀನಿ."