ಹದಿನೈದು ವರ್ಷ ನೀರಿನೊಳಗೆ

ರಷ್ಯಾದವರ ಜಲಾಂತರ್ಗಾಮಿಯೊಂದು ನೂರಾ ಹದಿನೆಂಟು ಜನರ ಸಮೇತ ಸಮುದ್ರದ ತಳ ಸೇರಿದೆ ಎಂಬ ಸುದ್ದಿ ಕಂಪಲಾಪುರಕ್ಕೆ ಬಂದ ದಿನ ಲಿಂಗರಾಜುವಿನ ಬೆಲೆ ಇದ್ದಕ್ಕಿದ್ದಂತೆ ಏರಿಬಿಟ್ಟಿತು. ಎರಡು ಸಾವಿರದ ಇಸವಿಯ ಆಗಸ್ಟ್ ತಿಂಗಳು. ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪನ್ನು ಕೋಲಿಗೆ ಕಟ್ಟಿ ನೇತುಹಾಕಿ ಬೆಂಕಿಯ ಶಾಖದಲ್ಲಿ ಒಣಗಿಸುವ ಬ್ಯಾರನ್‌ಗಳೆಲ್ಲ ಹೊಗೆಯಾಡುತ್ತಿದ್ದವು, ಯಾರಿಗೂ ಪುರುಸೊತ್ತಿರಲಿಲ್ಲ. ಆದರೂ ಬೆಳಗಿನ ಬಸ್ಸಿಗೆ ಪೇಪರ್ ಬರುವ ಹೊತ್ತಿಗೆ ಚನ್ನಬಸವಣ್ಣನ ಹೋಟೆಲಿನ ಬೆಂಚು ತುಂಬಿರುತ್ತಿತ್ತು.

"ಏನಾಗಿರಬೌದು ಲಿಂಗರಾಜಣ್ಣ? ನೀನು ಒಳಗಿದ್ದೋನು, ನಿಂಗೊತ್ತಿರ್ತದೆ," ಎಂದು ಚನ್ನಬಸವಣ್ಣ ಕೇಳದೇ ಇದ್ದ ಟೀಯನ್ನು ತಂದಿಟ್ಟ.

ಲಿಂಗರಾಜು ನೌಕಾಪಡೆಯಲ್ಲಿ ಹದಿನೈದು ವರ್ಷ ಇದ್ದು ಪಿಂಚಣಿ ಪಡೆದು ಬಂದವನು. ಆ ಹದಿನೈದು ವರ್ಷವೂ ಸಬ್‌ಮೆರೀನಿನಲ್ಲೇ ಇದ್ದೆ ಎಂದು ಊರಿಗೆ ಹೇಳಿದ್ದ. ಮೊದಲ ದಿನ ಬ್ಯಾಟರಿಯ ಗ್ಯಾಸ್ ಹತ್ತಿಕೊಂಡಿರಬೇಕು ಎಂದ. ಎರಡನೆಯ ದಿನ ಪೇಪರಿನಲ್ಲಿ ಡಿಕ್ಕಿಯ ಮಾತು ಬಂದಾಗ ಡಿಕ್ಕಿ ಎಂದ. ಮೂರನೆಯ ದಿನ ಟಾರ್ಪಿಡೋ ಒಳಗೇ ಸಿಡಿದಿದೆ ಎಂದ. ಮೂರನ್ನೂ ಜನ ನಂಬಿದರು.

"ನಮ್ ಬ್ಯಾರನ್ ಇಲ್ವಾ, ಅಂಗೇ ಕಣ್ರಿ ಅದು," ಎಂದು ವಿವರಿಸಿದ. "ಬಾಗ್ಲು ಮುಚ್ಚಿದ ಮ್ಯಾಕೆ ತಗ್ಯಂಗಿಲ್ಲ. ಬಾಗ್ಲಲ್ಲಿರೋ ಸಣ್ಣ ಗಾಜಲ್ಲಿ ಬಿಸಿ ಎಷ್ಟಾಗದೆ ಅಂತ ನೋಡ್ಬೌದು, ಅಷ್ಟೆಯಾ."

"ಅಂಗಾರೆ ಸೊಪ್ಪಿನ್ ಬದ್ಲು ನಿಮ್ಮನ್ನೇ ಕೋಲಿಗೆ ಕಟ್ಟಿ ನೇತಾಕ್ತಿದ್ರಾ?" ಎಂದ ಸಣ್ಣಬೀರಯ್ಯ. ಮಾತಿಗೊಂದು ಕೊಂಕು ಇಲ್ಲದಿದ್ದರೆ ಅವನಿಗೆ ಟೀ ಇಳಿಯುತ್ತಿರಲಿಲ್ಲ. ಬೆಂಚೆಲ್ಲ ನಕ್ಕಿತು. ನಕ್ಕು ಮುಗಿದ ಮೇಲೆ ಅವನೇ ಪೇಪರ್ ನೋಡಿ, "ಒಳಗಿಂದ ತಟ್ತಾವ್ರಂತೆ ಕಣ್ರೋ. ಮ್ಯಾಲಿರೋರಿಗೆ ಕೇಳಿಸ್ತಂತೆ," ಎಂದು ಚಮಚದಿಂದ ಲೋಟಕ್ಕೆ ಬಡಿದು ತೋರಿಸಿದ. ಟಕ್, ಟಕ್, ಟಕ್.

ಲಿಂಗರಾಜು ಅವನ ಕೈಯಿಂದ ಚಮಚ ಕಿತ್ತುಕೊಂಡ.

"ಬುಡೋ ಸಾಕು," ಎಂದ. ಜೊತೆಗಾರರ ನೆನಪಾಗಿರಬೇಕು ಎಂದುಕೊಂಡು ಎಲ್ಲರೂ ಗೌರವದಿಂದ ಸುಮ್ಮನಾದರು.

ಅವನಿಗೆ ನೆನಪಾದದ್ದು ಬೇರೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಅವನೂ ಸಬ್‌ಮೆರೀನಿಗೆ ಹೆಸರು ಕೊಟ್ಟಿದ್ದ. ತರಬೇತಿಯಲ್ಲಿ ಎತ್ತರದ ನೀರಿನ ತೊಟ್ಟಿಯೊಂದಿತ್ತು. ಅದರ ಬುಡದಲ್ಲಿ ಕಬ್ಬಿಣದ ಕೋಣೆ. ಕೋಣೆಯೊಳಗೆ ನಿಲ್ಲಿಸಿ, ಬಾಗಿಲು ಬಿಗಿದು, ನೀರು ಬಿಡುತ್ತಿದ್ದರು. ನೀರು ಗಂಟಲಿಗೆ ಬಂದಾಗ ಮೇಲಿನ ಮುಚ್ಚಳ ತೆಗೆದು ಈಜಿ ಹೋಗಬೇಕು. ಲಿಂಗರಾಜುವಿಗೆ ನೀರು ಸೊಂಟಕ್ಕೆ ಬರುವಷ್ಟರಲ್ಲೇ ಬುದ್ಧಿ ಕೆಟ್ಟಿತು. ಎರಡೂ ಮುಷ್ಟಿಯಿಂದ ಗೋಡೆ ಬಡಿದ, ಅವ್ವಾ ಎಂದು ಕೂಗಿದ. ಹೊರಗೆ ಎಳೆದು ಹಾಕಿದವರು ಬೈಯಲೂ ಇಲ್ಲ, ಪಟ್ಟಿಯಲ್ಲಿದ್ದ ಅವನ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಆಮೇಲಿನ ಅಷ್ಟೂ ವರ್ಷ ದಡದ ಮೇಲಿನ ಉಗ್ರಾಣದಲ್ಲಿ ಹಗ್ಗ, ಬಣ್ಣದ ಡಬ್ಬ, ಬೂಟು ಕೊಡುತ್ತಾ ಕಳೆದ. ಮೊದಲ ರಜೆಯಲ್ಲಿ ಊರಿಗೆ ಬಂದಾಗ ಯಾರೋ "ಸಬ್‌ಮೆರೀನಾ?" ಎಂದು ಕೇಳಿದರು. ಹೂಂ ಎಂದ. ಆ ಹೂಂ ಅಲ್ಲಿಗೇ ನಿಲ್ಲಲಿಲ್ಲ.

ಆ ಕತೆಗಳನ್ನು ಬಾಯಿ ಬಿಟ್ಟುಕೊಂಡು ಕೇಳಿ ಬೆಳೆದವನು ಮಲ್ಲಾಜಮ್ಮನ ಮಗ ಕಾಂತರಾಜು. ಮಲ್ಲಾಜಮ್ಮ ಗಂಡ ಸತ್ತವಳು, ಲಿಂಗರಾಜುವಿನ ಬ್ಯಾರನ್ನಿಗೆ ಸೊಪ್ಪು ಕಟ್ಟಲು ಬರುವವಳು. ಹುಡುಗ ಲಿಂಗರಾಜುವನ್ನು ಮಾಮ ಎನ್ನುತ್ತಿದ್ದ. ನೌಕಾಪಡೆ ಸೇರಿ ಎರಡು ವರ್ಷವಾಗಿತ್ತು. ಆಗಸ್ಟ್ ಮೊದಲ ವಾರ ಅವನ ಕಾಗದ ಬಂದಿತ್ತು: "ಮಾಮ, ಸಬ್‌ಮೆರೀನಿಗೆ ಹೆಸರು ಕೇಳುತ್ತಿದ್ದಾರೆ. ಬಲವಂತವಿಲ್ಲ. ಹದಿನೆಂಟನೇ ತಾರೀಖು ಕೊನೆ. ನೀವು ಇದ್ದು ಬಂದವರು. ನೀವು ಹೇಗೆ ಹೇಳಿದರೆ ಹಾಗೆ."

ಲಿಂಗರಾಜು ಉತ್ತರಕ್ಕೆ ಕೂತ. 'ಹೋಗು' ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ. ತಾನು ಅರ್ಧ ಗಳಿಗೆ ನಿಲ್ಲಲಾರದ ಜಾಗಕ್ಕೆ ಇನ್ನೊಬ್ಬಳ ಮಗನನ್ನು ಹೇಗೆ ಕಳಿಸುವುದು? 'ಬೇಡ' ಎಂದು ಬರೆದ. ಯಾಕೆ ಬೇಡ ಎಂದು ಹುಡುಗ ಕೇಳುತ್ತಾನೆ. ಯಾಕೆ ಎಂಬುದಕ್ಕೆ ಅವನಲ್ಲಿದ್ದ ನಿಜವಾದ ಉತ್ತರ ಒಂದೇ. ಮೂರು ಇನ್‌ಲ್ಯಾಂಡ್ ಕಾಗದ ಹರಿದ. ನಾಳೆ ಬರೆದರಾಯಿತು ಎನ್ನುವಷ್ಟರಲ್ಲಿ ರಷ್ಯಾದ ಸುದ್ದಿ ಬಂತು. ಇನ್ನಾದರೂ ಬರೆಯಲೇಬೇಕು ಎಂದುಕೊಂಡು ದಿನಾ ಮನೆಯಿಂದ ಹೊರಡುತ್ತಿದ್ದ, ದಿನಾ ಹೋಟೆಲಿನ ಬೆಂಚಿನಲ್ಲಿ ಕೂತು ಪಂಡಿತನಾಗಿ ಎದ್ದು ಬರುತ್ತಿದ್ದ. ಹದಿನೆಂಟನೇ ತಾರೀಖು ಹಾಗೆಯೇ ದಾಟಿತು.

ಇಪ್ಪತ್ತೆರಡನೇ ತಾರೀಖಿನ ಪೇಪರಿನಲ್ಲಿ ಆ ಜಲಾಂತರ್ಗಾಮಿಯ ಮುಚ್ಚಳ ತೆಗೆದ ಸುದ್ದಿ ಇತ್ತು. ಒಳಗೆಲ್ಲ ನೀರು. ಒಬ್ಬನೂ ಉಳಿದಿರಲಿಲ್ಲ. ಸಣ್ಣಬೀರಯ್ಯ ಕೂಡ ಕೊಂಕಾಡಲಿಲ್ಲ. ಲಿಂಗರಾಜು ಟೀ ಕುಡಿಯದೆ ಎದ್ದು ಬಂದ.

ಆ ಮಧ್ಯಾಹ್ನ ಬ್ಯಾರನ್ನಿನ ಚಪ್ಪರದಡಿ ಬೇರೆ ಹೆಂಗಸರು ಊಟಕ್ಕೆ ಹೋಗಿದ್ದಾಗ ಮಲ್ಲಾಜಮ್ಮ ಸೊಪ್ಪಿನ ಅಂಟು ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಒಂದು ಕಾಗದ ತೆಗೆದಳು.

"ನನ್ ಮಗಂದು. ಓದು ಲಿಂಗರಾಜ. ಅದ್ಯಾವ್ದೋ ಮುಳ್ಗೋಯ್ತಂತಲ್ಲ, ಅವತ್ತಿಂದ ಎದೆ ಡವಡವ ಅಂತದೆ."

ಅವನು ಓದತೊಡಗಿದ. "ಅವ್ವ, ನಾನು ಸಬ್‌ಮೆರೀನಿಗೆ ಹೆಸರು ಕೊಟ್ಟೆ. ಮಾಮನಿಗೆ ಬರೆದಿದ್ದೆ, ಉತ್ತರ ಬರಲಿಲ್ಲ. ಇಲ್ಲಿ ರಷ್ಯಾದ ಸುದ್ದಿ ಕೇಳಿ ಇಬ್ಬರು ಹೆಸರು ವಾಪಸು ತೆಗೆದುಕೊಂಡರು. ನಾನು ಹದಿನೆಂಟರ ಸಾಯಂಕಾಲದವರೆಗೂ ಕಾದೆ. ಅಪಾಯವಿದ್ದಿದ್ದರೆ ಮಾಮ ತಂತಿಯಾದರೂ ಕೊಡುತ್ತಿದ್ದರು. ಸುಮ್ಮನಿದ್ದಾರೆ ಎಂದರೆ ಭಯವಿಲ್ಲ ಎಂದೇ ಅರ್ಥ. ರುಜು ಹಾಕಿದೆ."

ಒಂದು ಅಕ್ಷರವನ್ನೂ ಬಿಡದೆ ಓದಿದ. ಬಿಡಬಹುದಿತ್ತು, ಅವಳಿಗೆ ಓದು ಬಾರದು. ಆದರೆ ಅಷ್ಟು ಮಾತ್ರ ಅವನಿಂದ ಆಗಲಿಲ್ಲ.

"ನಿಂಗ್ ಬರ್ದಿದ್ನಾ?"

"ಬರ್ದಿದ್ದ ಅಕ್ಕ."

"ಮತ್ಯಾಕೆ ಸುಮ್ಕಿದ್ದೆ?"

ಅವನು ಹೇಳಿದ. ಕಬ್ಬಿಣದ ಕೋಣೆ, ಸೊಂಟದ ನೀರು, ಬಡಿದ ಮುಷ್ಟಿ, ಉಗ್ರಾಣದ ಬೂಟುಗಳು, ಎಲ್ಲವನ್ನೂ ಹೇಳಿದ. "ನಾನು ಒಂದಿನವೂ ಅದ್ರೊಳಗೆ ಹೋಗ್ನಿಲ್ಲ ಕಣಕ್ಕ. ಸಾಯಂಕಾಲ ಹೋಟೆಲಲ್ಲಿ ಎಲ್ಲರ ಮುಂದೂ ಹೇಳ್ಬುಡ್ತೀನಿ. ಕಾಂತರಾಜಂಗೂ ಬರಿತೀನಿ."

ಅವಳು ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ನಾಲ್ಕು ಎಲೆ ಎತ್ತಿಕೊಂಡು ಕೋಲಿಗೆ ಕಟ್ಟಿದಳು, ದಾರ ಬಿಗಿದಳು.

"ಈಗ ಬರುದ್ರೆ ಅವ್ನು ವಾಪಸ್ ಬತ್ತಾನಾ?"

"ರುಜು ಹಾಕವ್ನೆ. ಕಷ್ಟ."

"ನೀನಿದ್ದು ಬಂದೆ ಅಂತ ನಂಬ್ಕಂಡು ತಾನೆ ನನ್ ಮಗ ಅದ್ರೊಳಗೆ ಇಳಿಯೋದು? ಆ ನಂಬ್ಕೆನೂ ಕಿತ್ಕಂಡ್ರೆ, ಆ ನೀರೊಳಗೆ ಅವ್ನ್ ತಾವ ಇನ್ನೇನಿರ್ತದೆ?"

ಲಿಂಗರಾಜು ಕಾಗದವನ್ನು ಮಡಿಸಿ ಅವಳ ಕೈಗೆ ಕೊಟ್ಟ.

"ಯಾರ್ ಮುಂದೂ ಬಾಯ್ ಬುಡ್ಬ್ಯಾಡ. ಬುಟ್ರೆ ನಾಳಿಕೇ ಯಾರಾರ ಅವನಿಗೆ ಬರೀತಾರೆ. ಅವ್ನು ಆಚೀಕ್ ಬರೋಗಂಟ ನೀನು ಅದ್ರೊಳಗೇ ಇದ್ದೋನು, ತಿಳೀತಾ? ಏನೂ ಆಗಕಿಲ್ಲ ಕಣಪ್ಪ ಅಂತ ಇವತ್ತೇ ಬರಿ. ನನ್ನ ಅಕ್ಕ ಅನ್ನಬ್ಯಾಡ ಇನ್ ಮ್ಯಾಕೆ."

ಸಾಯಂಕಾಲ ಅವಳೇ ಹೋಟೆಲಿನವರೆಗೆ ಬಂದು ರಸ್ತೆಯಾಚೆ ನಿಂತಳು. ಚನ್ನಬಸವಣ್ಣ ಟೀ ಇಟ್ಟ.

"ಪಾಪ, ಒಬ್ರೂ ಉಳೀನಿಲ್ಲ. ನೀನೆಂಗೆ ಇದ್ದಪ್ಪ ಹದ್ನೈದ್ ವರ್ಸ? ಎದ್ರಿಕೆ ಆಯ್ತಿರ್ನಿಲ್ವಾ?" ಎಂದ ಸಣ್ಣಬೀರಯ್ಯ. ಈ ಸಲ ಅವನ ದನಿಯಲ್ಲಿ ಕೊಂಕಿರಲಿಲ್ಲ.

ಲಿಂಗರಾಜು ರಸ್ತೆಯಾಚೆ ನೋಡಿದ. ಜೇಬಿನಲ್ಲಿ, ಏನೂ ಆಗುವುದಿಲ್ಲ ಎಂದು ಬರೆದು ಇನ್ನೂ ಅಂಟಿಸದ ಇನ್‌ಲ್ಯಾಂಡ್ ಕಾಗದವಿತ್ತು.

"ಏನೆದ್ರಿಕೆ ಬುಡು," ಎಂದ. "ಅಭ್ಯಾಸ ಆಯ್ತದೆ."